ಸರ್ಕಾರದ ನೆಲ, ಜನರ ಮನೆ: ಪ್ರಾಧಿಕಾರದ ಫ್ಲ್ಯಾಟುಗಳ ಗುತ್ತಿಗೆದಾರರ ಹಕ್ಕು ಮತ್ತು ಹೊಣೆ



‘ಲೀಸ್’ ಎಂಬ ಪದ ಕನ್ನಡಿಗರಿಗೆ ಹೊಸತಲ್ಲ. ಆದರೆ ಅದರ ಅರ್ಥ ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ‘ಲೀಸಿಗೆ ಮನೆ ಹಿಡಿದಿದ್ದಾರೆ’ ಎಂದರೆ ಮಾಲೀಕರ ಕೈಗೆ ಒಂದು ದೊಡ್ಡ ಮೊತ್ತವನ್ನು ಮುಂಗಡವಾಗಿ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಾಗಿರುವುದು ಎಂದರ್ಥ. ಹಳಬರು ಇದನ್ನು ಭೋಗ್ಯವೆನ್ನುತ್ತಾರೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ ನಿವೇಶನ ಪಡೆದವರಿಗೆ ‘ಲೀಸ್-ಕಂ-ಸೇಲ್’ ಕರಾರು ಪರಿಚಿತ. ಅಲ್ಲಿ ಹತ್ತು ವರ್ಷಗಳ ಅವಧಿ ಕಳೆದು ಷರತ್ತುಗಳು ಪೂರೈಸಿದ ಮೇಲೆ ಶುದ್ಧ ಕ್ರಯಪತ್ರ ಕೈಸೇರುತ್ತದೆ. ದೆಹಲಿಗೆ ಬಂದು ನೆಲೆಸಿದ ಕನ್ನಡಿಗರು ದೆಹಲಿ ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಜನ ‘ಡಿಡಿಎ’ ಎಂದು ಕರೆಯುವ ಸಂಸ್ಥೆಯ, ಫ್ಲ್ಯಾಟು ಪಡೆದಾಗ ಅವರ ಕೈಗೆ ಬಂದ ‘ಲೀಸ್’ ಈ ಎರಡೂ ಅಲ್ಲ. ಅದು ಕೊನೆಯ ದಿನಾಂಕವಿಲ್ಲದ ಶಾಶ್ವತ ಗುತ್ತಿಗೆ. ಕಟ್ಟಡದಲ್ಲಿನ ಮನೆ ಹಂಚಿಕೆದಾರರದು. ಅದು ನಿಂತಿರುವ ನೆಲ ಸರ್ಕಾರದ್ದು.

ಕರಾವಳಿಯ ಜನರಿಗೆ ಇದನ್ನು ವಿವರಿಸುವುದು ಸುಲಭ. ದಕ್ಷಿಣ ಕನ್ನಡದ ಮೂಲಗೇಣಿ ಪದ್ಧತಿಯಲ್ಲಿಯೂ ಭೂಮಿಯ ಒಡೆತನ ಒಬ್ಬರದು, ಅನುಭೋಗ ಇನ್ನೊಬ್ಬರದು. ಗೊತ್ತಾದ ಗೇಣಿಯನ್ನು ತಪ್ಪದೆ ಸಲ್ಲಿಸುವವರೆಗೆ ಮೂಲಗೇಣಿದಾರನನ್ನು ಎಬ್ಬಿಸುವಂತಿರಲಿಲ್ಲ. ಅವನ ಹಕ್ಕು ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತಿತ್ತು. ಈ ಗೇಣಿದಾರರಿಗೆ ಪೂರ್ಣ ಒಡೆತನ ನೀಡುವ ಸಲುವಾಗಿ ಕರ್ನಾಟಕ ವಿಧಾನಮಂಡಲವು 2011ರಲ್ಲಿ ಪ್ರತ್ಯೇಕ ಕಾನೂನನ್ನೇ ರೂಪಿಸಿತು. ದೆಹಲಿಯ ಶಾಶ್ವತ ಗುತ್ತಿಗೆಯು ಹೆಚ್ಚುಕಡಿಮೆ ನಗರದ ಮೂಲಗೇಣಿಯೇ ಸರಿ. ಒಡೆಯನ ಸ್ಥಾನದಲ್ಲಿ ಜಮೀನುದಾರನ ಬದಲು ಸರ್ಕಾರವಿದೆ. ಹಲವು ಗುತ್ತಿಗೆ ಪತ್ರಗಳಲ್ಲಿ ಗುತ್ತಿಗೆ ಕೊಡುವವರೆಂದು ಭಾರತದ ರಾಷ್ಟ್ರಪತಿಗಳ ಪದನಾಮವೇ ಇರುತ್ತದೆ.

ಈ ವ್ಯವಸ್ಥೆಗೆ ಒಂದು ಹಿನ್ನೆಲೆಯಿದೆ. ದೇಶವಿಭಜನೆಯ ನಂತರ ರಾಜಧಾನಿಯ ಜನಸಂಖ್ಯೆ ಒಮ್ಮೆಲೇ ಏರಿದಾಗ ಭೂಮಿಯ ಬೆಲೆ ಸಾಮಾನ್ಯರ ಕೈಗೆಟುಕದಂತಾಯಿತು. 1957ರ ದೆಹಲಿ ಅಭಿವೃದ್ಧಿ ಕಾಯಿದೆಯನ್ವಯ ಪ್ರಾಧಿಕಾರ ಸ್ಥಾಪನೆಗೊಂಡಿತು. ವಶಪಡಿಸಿಕೊಂಡ ಭೂಮಿಯನ್ನು ಸಾರಾಸಗಟಾಗಿ ಮಾರಿಬಿಟ್ಟರೆ ಅದು ಪುನಃ ವ್ಯಾಪಾರಿಗಳ ಪಾಲಾಗುವುದೆಂಬ ಆತಂಕದಿಂದ, ನೆಲದ ಒಡೆತನವನ್ನು ಸರ್ಕಾರ ತನ್ನಲ್ಲಿಯೇ ಇರಿಸಿಕೊಂಡು ಗುತ್ತಿಗೆಯ ಮೂಲಕ ಹಂಚುವ ನೀತಿಯನ್ನು ಅನುಸರಿಸಲಾಯಿತು. ಇಂಥ ಸರ್ಕಾರಿ ಭೂಮಿಗೆ ದೆಹಲಿಯ ಕಡತಗಳಲ್ಲಿ ‘ನಜೂಲ್’ ಎಂಬ ಹಳೆಯ ಹೆಸರು ಇಂದಿಗೂ ಉಳಿದಿದೆ. ಜನತಾ, ಕಡಿಮೆ ವರಮಾನ, ಮಧ್ಯಮ ವರಮಾನ, ಸ್ವಯಂ ಹಣಹೂಡಿಕೆ ಎಂಬ ವರ್ಗಗಳಲ್ಲಿ ಮನೆಗಳು ಎದ್ದವು. 1979ರ ನೋಂದಣಿ ಯೋಜನೆಯೊಂದರಲ್ಲಿಯೇ ಹೆಸರು ಬರೆಸಿದವರು ಒಂದು ಲಕ್ಷಕ್ಕೂ ಮಿಕ್ಕಿದ್ದರು. ಅವರಲ್ಲಿ ಅನೇಕರು ಬೀಗದ ಕೈಗಾಗಿ ದಶಕಗಳ ಕಾಲ ಕಾದರು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯಲು ಬಂದ ಕನ್ನಡದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಸ್ವಂತ ಸೂರು ದೊರೆತದ್ದು ಈ ಮಾರ್ಗದಿಂದಲೇ.

ಗುತ್ತಿಗೆದಾರರ ಬಳಿ ಇರಬೇಕಾದ ಕಾಗದಗಳಾವುವು? ಹಂಚಿಕೆ ಪತ್ರ, ಹಣ ಕಟ್ಟಿದ ಚಲನ್‌ಗಳು, ಸ್ವಾಧೀನ ಪತ್ರ. ತದನಂತರ ಮನೆಯ ಹಸ್ತಾಂತರ ಪತ್ರ ಮತ್ತು ನೆಲದ ಗುತ್ತಿಗೆ ಪತ್ರ. ಕಂತಿನ ಮೇಲೆ ಮನೆ ಪಡೆದವರು ಕೊನೆಯ ಕಂತು ತೀರುವವರೆಗೂ ಪೂರ್ಣ ಹಕ್ಕುದಾರರಾಗುವುದಿಲ್ಲ. ವಿಷಾದದ ಸಂಗತಿಯೆಂದರೆ, ಕಂತು ತೀರಿಸಿ ಇಪ್ಪತ್ತು ವರ್ಷ ಕಳೆದರೂ ಗುತ್ತಿಗೆ ಪತ್ರವನ್ನು ನೋಂದಣಿ ಮಾಡಿಸದೆ, ಸ್ವಾಧೀನ ಪತ್ರವನ್ನೇ ಆಸ್ತಿಪತ್ರವೆಂದು ನಂಬಿ ಕಪಾಟಿನಲ್ಲಿಟ್ಟವರು ಬಹಳ. ಒಂದು ವರ್ಷಕ್ಕೆ ಮೀರಿದ ಯಾವುದೇ ಸ್ಥಿರಾಸ್ತಿಯ ಗುತ್ತಿಗೆ ನೋಂದಣಿಯಾಗಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ವಿಧಿಸುತ್ತವೆ.

ಗುತ್ತಿಗೆದಾರರ ಹಕ್ಕುಗಳಲ್ಲಿ ಮೊದಲನೆಯದು ಅಡ್ಡಿಯಿಲ್ಲದ ಅನುಭೋಗ. ಬಾಡಿಗೆ ಸಲ್ಲಿಸಿ ಷರತ್ತುಗಳಂತೆ ನಡೆಯುವವರೆಗೆ ಒಡೆಯನಾಗಲಿ, ಅವನ ಪರವಾಗಿ ಬಂದವರಾಗಲಿ ವಾಸಕ್ಕೆ ಭಂಗ ತರುವಂತಿಲ್ಲ. ತನಗೆ ತಿಳಿದಿದ್ದು ಗುತ್ತಿಗೆದಾರನಿಗೆ ಕಾಣದಂಥ ಮುಖ್ಯ ದೋಷಗಳಿದ್ದರೆ ಒಡೆಯನು ಅವನ್ನು ತಿಳಿಸಬೇಕೆಂಬ ನಿಯಮವೂ ಇದೆ. ಇನ್ನೊಂದು ಪಕ್ಕದಲ್ಲಿ ಗುತ್ತಿಗೆದಾರನು ಸಕಾಲಕ್ಕೆ ಬಾಡಿಗೆ ಸಲ್ಲಿಸಬೇಕು, ಆಸ್ತಿಯನ್ನು ಸುಸ್ಥಿತಿಯಲ್ಲಿಡಬೇಕು, ಯುಕ್ತ ಸಮಯದಲ್ಲಿ ಪರಿಶೀಲನೆಗೆ ಬಂದವರನ್ನು ಒಳಬಿಡಬೇಕು, ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟಬಾರದು. ಇವು ಸಾಮಾನ್ಯ ನಿಯಮಗಳು. ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಪತ್ರದ ಮಾತೇ ಅಂತಿಮ. ಆದ್ದರಿಂದ ಕಾನೂನಿನ ಪುಸ್ತಕಕ್ಕಿಂತ ಮೊದಲು ಓದಬೇಕಾದದ್ದು ಸ್ವಂತ ಗುತ್ತಿಗೆ ಪತ್ರವನ್ನು.

ನೆಲಬಾಡಿಗೆಯ ಮೊತ್ತ ಅಲ್ಪ. ಅಲ್ಪವಾದುದರಿಂದಲೇ ಅದು ಮರೆತುಹೋಗುತ್ತದೆ. ವರ್ಷಗಟ್ಟಲೆ ಮರೆತ ಬಾಡಿಗೆಯು ಬಡ್ಡಿ ಸಹಿತ ಬೆಳೆದು, ಮನೆ ಮಾರುವ ಅಥವಾ ಮಕ್ಕಳ ಹೆಸರಿಗೆ ಮಾಡಿಸುವ ದಿನ ಎದುರು ನಿಲ್ಲುತ್ತದೆ. ನಗರಪಾಲಿಕೆಯ ಆಸ್ತಿತೆರಿಗೆ ಇದಕ್ಕಿಂತ ಬೇರೆ. ನೆಲ ಸರ್ಕಾರದ್ದೆಂಬ ಕಾರಣಕ್ಕೆ ತೆರಿಗೆಯಿಂದ ವಿನಾಯಿತಿಯಿದೆ ಎಂದು ಕೆಲವರು ತಿಳಿದಿರುವುದುಂಟು. ಅದು ತಪ್ಪು ಗ್ರಹಿಕೆ.

ಮನೆಯನ್ನು ವಾಸಕ್ಕೇ ಬಳಸಬೇಕೆಂಬ ಷರತ್ತು ಬಹುತೇಕ ಎಲ್ಲ ಪತ್ರಗಳಲ್ಲಿಯೂ ಇದೆ. ಮನೆಯಲ್ಲಿಯೇ ವಾಸಿಸುವ ವೈದ್ಯರು, ವಕೀಲರು ಮೊದಲಾದವರು ನಿಗದಿತ ಮಿತಿಯೊಳಗೆ ವೃತ್ತಿ ನಡೆಸಲು 2007ರಲ್ಲಿ ಪ್ರಕಟವಾದ ದೆಹಲಿಯ ಮಹಾಯೋಜನೆ ಅವಕಾಶ ಕೊಟ್ಟಿತು. ಆದರೆ ಇಡೀ ಫ್ಲ್ಯಾಟನ್ನು ಗೋದಾಮಿಗೋ ಕಚೇರಿಗೋ ಬಾಡಿಗೆಗೆ ಕೊಡುವುದು ಬೇರೆಯದೇ ಸಂಗತಿ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ದೆಹಲಿಯ ವಾಸದ ಬಡಾವಣೆಗಳಲ್ಲಿ ಅಂಗಡಿ ಕಚೇರಿಗಳಿಗೆ ಮುದ್ರೆ ಬಿದ್ದಾಗ ನಷ್ಟ ಅನುಭವಿಸಿದವರು ಬಾಡಿಗೆದಾರರು ಮಾತ್ರವಲ್ಲ, ಹೆಚ್ಚಿನ ಬಾಡಿಗೆಯ ಆಸೆಗೆ ಬಿದ್ದ ಮನೆಯವರೂ ಹೌದು.

ಮಾರ್ಪಾಡುಗಳ ವಿಷಯದಲ್ಲಿ ವಿವೇಕ ಇನ್ನಷ್ಟು ಅಗತ್ಯ. ಒಳಗಿನ ನೆಲಹಾಸು, ಅಡುಗೆಮನೆಯ ಕಟ್ಟೆ, ಬಾಗಿಲು ಇವುಗಳನ್ನು ಬದಲಿಸಿಕೊಳ್ಳುವುದಕ್ಕೂ, ಕೋಣೆ ದೊಡ್ಡದಾಗಲೆಂದು ಭಾರ ಹೊರುವ ಗೋಡೆಯನ್ನೇ ಕೆಡವುವುದಕ್ಕೂ ಅಜಗಜಾಂತರ. ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ನೆಲಮಹಡಿಯವರು ಗೋಡೆ ತೆಗೆದರೆ ಮೇಲಿನ ಮೂರು ಮನೆಗಳ ಭಾರ ಗಾಳಿಯಲ್ಲಿ ನಿಂತಂತೆ. ಭೂಕಂಪದ ಭಯವಿರುವ ದೆಹಲಿಯಲ್ಲಿ ಇದು ನೆರೆಯವರ ಜೀವದೊಡನೆ ಆಡುವ ಆಟ. ಯಾವ ಮಾರ್ಪಾಡಿಗೆ ಅನುಮತಿ ಬೇಡ, ಯಾವುದಕ್ಕೆ ಬೇಕು ಎಂಬುದನ್ನು ಕೆಲಸಗಾರರನ್ನು ಕರೆಯುವ ಮುನ್ನ ಪ್ರಾಧಿಕಾರದಲ್ಲಿ ಲಿಖಿತವಾಗಿ ಕೇಳಿ ತಿಳಿಯತಕ್ಕದ್ದು. ‘ಪಕ್ಕದವರೂ ಹಾಗೆಯೇ ಮಾಡಿದ್ದಾರೆ’ ಎಂಬುದು ನೋಟೀಸಿಗೆ ಉತ್ತರವಾಗುವುದಿಲ್ಲ.

ಸಾಮಾನ್ಯ ಭಾಗಗಳದ್ದು ಇನ್ನೊಂದು ಅಧ್ಯಾಯ. ಮೆಟ್ಟಿಲು, ತಾರಸಿ, ನೀರಿನ ತೊಟ್ಟಿ, ಚರಂಡಿ ಕೊಳವೆ, ಸುತ್ತಲಿನ ಅಂಗಳ ಇವು ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ಮೇಲಂತಸ್ತಿನವರು ತಾರಸಿಗೆ ಬೀಗ ಹಾಕುವುದು, ನೆಲಮಹಡಿಯವರು ಅಂಗಳಕ್ಕೆ ಬೇಲಿ ಕಟ್ಟಿ ಕೋಣೆ ಎಬ್ಬಿಸುವುದು, ನಡುವಿನವರು ಇಬ್ಬರ ಮೇಲೂ ಮುನಿಸಿಕೊಂಡು ದುರಸ್ತಿಯ ವಂತಿಗೆ ನಿಲ್ಲಿಸುವುದು ದೆಹಲಿಯ ಬಡಾವಣೆಗಳಲ್ಲಿ ನಿತ್ಯದ ನೋಟ. ತಾರಸಿಯನ್ನು ಹಂಚಿಕೆಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟಿದ್ದರೆ ಆ ಮಾತು ಬೇರೆ. ಇಲ್ಲವಾದರೆ ಕೆಳಗಿನವರಿಗೂ ತಮ್ಮ ನೀರಿನ ತೊಟ್ಟಿಯನ್ನು ನೋಡಿಬರುವ ಹಕ್ಕಿದೆ. ಪ್ರಾಧಿಕಾರದ ವಸತಿ ಸಮುಚ್ಚಯಗಳ ನಿರ್ವಹಣೆಗೆಂದು 1968ರಲ್ಲಿ ರಚಿಸಲಾದ ವಿನಿಯಮಗಳು ಮನೆಯವರೆಲ್ಲ ಸೇರಿ ನೋಂದಾಯಿತ ಸಂಸ್ಥೆಯೊಂದನ್ನು ಕಟ್ಟಿಕೊಂಡು ಸಾಮಾನ್ಯ ಭಾಗಗಳನ್ನು ನೋಡಿಕೊಳ್ಳಬೇಕೆಂಬ ಆಶಯ ಹೊಂದಿವೆ. ಆದರೆ ಸಂಸ್ಥೆಗೆ ಜೀವ ಬರುವುದು ತೊಟ್ಟಿ ಸೋರಿದಾಗ ಮಾತ್ರ. ದುರಸ್ತಿಗೆ ಮೊದಲು ಎರಡು ಮೂರು ಕಡೆ ದರ ವಿಚಾರಿಸಿ, ಖರ್ಚನ್ನು ಬರೆದಿಟ್ಟು, ಲೆಕ್ಕವನ್ನು ಮೆಟ್ಟಿಲ ಬಳಿ ಅಂಟಿಸುವ ಅಭ್ಯಾಸವಿರುವ ಕಟ್ಟಡಗಳಲ್ಲಿ ವಂತಿಗೆಯ ಜಗಳ ಕಡಿಮೆ. ನೆಲಮಹಡಿಯವರು ‘ಮೆಟ್ಟಿಲು ನಮಗೇಕೆ’ ಎನ್ನುವುದೂ, ಮೇಲಿನವರು ‘ಚರಂಡಿ ನಮ್ಮದಲ್ಲ’ ಎನ್ನುವುದೂ ಒಂದೇ ಬಗೆಯ ವಾದಗಳು, ಎರಡೂ ನಿಲ್ಲತಕ್ಕವಲ್ಲ.

ಗುತ್ತಿಗೆಯ ಮನೆಗಳಲ್ಲಿ ಕುಟುಂಬಗಳನ್ನು ಅತಿ ಹೆಚ್ಚು ಕಾಡಿದ ಸಮಸ್ಯೆ ಪರಭಾರೆಯದು. ಪ್ರಾಧಿಕಾರದ ಅನುಮತಿಯಿಲ್ಲದೆ ಮಾರಬಾರದೆಂಬ ಷರತ್ತು ಗುತ್ತಿಗೆಗಳಲ್ಲಿ ಇರುತ್ತಿತ್ತು. ಅನುಮತಿ ದೊರೆತರೂ ನೆಲದ ಬೆಲೆ ಏರಿದುದರಲ್ಲಿ ಒಂದು ಪಾಲನ್ನು, ಬಹಳ ಪತ್ರಗಳಲ್ಲಿ ಅರ್ಧವನ್ನೇ, ಒಡೆಯನಿಗೆ ಕೊಡಬೇಕಾಗಿತ್ತು. ಇದನ್ನು ತಪ್ಪಿಸಲು ಜನ ಅಡ್ಡದಾರಿ ಹಿಡಿದರು. ಮಾರಾಟದ ಕರಾರು, ಸಾಮಾನ್ಯ ಮುಖ್ತ್ಯಾರ ಪತ್ರ, ಒಂದು ಉಯಿಲು ಮತ್ತು ಹಣ ಸಂದ ರಸೀದಿ, ಈ ನಾಲ್ಕು ಕಾಗದಗಳ ಕಟ್ಟಿನ ಮೇಲೆ ದೆಹಲಿಯಲ್ಲಿ ಅಸಂಖ್ಯ ಮನೆಗಳು ಕೈ ಬದಲಾಯಿಸಿದವು. ‘ಜಿಪಿಎ ಮೇಲೆ ತೆಗೆದುಕೊಂಡದ್ದು’ ಎಂಬ ಮಾತು ಮನೆಮಾತಾಯಿತು.

ಇಂಥ ಖರೀದಿಯ ಒಂದು ನಿದರ್ಶನವನ್ನು ಊಹಿಸಿಕೊಳ್ಳಬಹುದು. ಧಾರವಾಡದ ಕಡೆಯ ಗುಮಾಸ್ತರೊಬ್ಬರು ಭವಿಷ್ಯನಿಧಿಯ ಹಣವನ್ನೆಲ್ಲ ಸುರಿದು ಮೂಲ ಹಂಚಿಕೆದಾರರಿಂದ ಹೀಗೊಂದು ಫ್ಲ್ಯಾಟು ಕೊಳ್ಳುತ್ತಾರೆ. ಇಪ್ಪತ್ತೈದು ವರ್ಷ ಅಲ್ಲಿಯೇ ವಾಸ. ವಿದ್ಯುತ್ ಬಿಲ್ಲು, ತೆರಿಗೆ ಎಲ್ಲ ಅವರೇ ಕಟ್ಟುತ್ತಾರೆ. ಒಂದು ದಿನ ಮೂಲ ಹಂಚಿಕೆದಾರರು ತೀರಿಕೊಳ್ಳುತ್ತಾರೆ. ಅವರ ಮಕ್ಕಳು ಹಂಚಿಕೆ ಪತ್ರದ ನಕಲು ಹಿಡಿದು ಬಾಗಿಲು ತಟ್ಟುತ್ತಾರೆ. ಮುಖ್ತ್ಯಾರ ಪತ್ರವು ಅದನ್ನು ಬರೆದುಕೊಟ್ಟವರ ಮರಣದೊಂದಿಗೆ ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ. ಪ್ರತಿಫಲ ಪಡೆದು ಬರೆದುಕೊಟ್ಟ ಪತ್ರಕ್ಕೆ ಕರಾರು ಕಾಯಿದೆಯಲ್ಲಿ ಸ್ವಲ್ಪ ರಕ್ಷಣೆಯುಂಟು. ಆದರೆ ಅದನ್ನು ನ್ಯಾಯಾಲಯದಲ್ಲಿ ಸಾಧಿಸುವ ಭಾರ ಈಗ ನಿವೃತ್ತರಾದ ಗುಮಾಸ್ತರ ಮೇಲೆ, ಅಥವಾ ಅವರ ವಿಧವೆಯ ಮೇಲೆ ಬೀಳುತ್ತದೆ.

2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಬಗ್ಗೆ ಸ್ಪಷ್ಟ ತೀರ್ಪಿತ್ತಿತು. ಕರಾರು, ಮುಖ್ತ್ಯಾರ ಪತ್ರ, ಉಯಿಲುಗಳ ಮೂಲಕ ಸ್ಥಿರಾಸ್ತಿಯ ಒಡೆತನ ವರ್ಗವಾಗದು. ನೋಂದಾಯಿತ ಹಸ್ತಾಂತರ ಪತ್ರದಿಂದ ಮಾತ್ರ ಅದು ಸಾಧ್ಯ. ಆದರೆ ನ್ಯಾಯಾಲಯ ಹಿಂದಿನ ವ್ಯವಹಾರಗಳನ್ನು ಬೀದಿಗೆ ತಳ್ಳಲಿಲ್ಲ. ಪ್ರಾಧಿಕಾರವೋ ನಗರಪಾಲಿಕೆಯೋ ಈಗಾಗಲೇ ಆ ಕಾಗದಗಳನ್ನು ಅಂಗೀಕರಿಸಿ ಖಾತೆ ಬದಲಿಸಿದ್ದರೆ ಈ ತೀರ್ಪಿನ ಕಾರಣದಿಂದಲೇ ಅದನ್ನು ಕದಲಿಸಬೇಕಾಗಿಲ್ಲವೆಂದೂ, ಹಳೆಯ ಕಾಗದಗಳ ಆಧಾರದ ಮೇಲೆ ಸಕ್ರಮಕ್ಕಾಗಿ ಅರ್ಜಿ ಸಲ್ಲಿಸಬಹುದೆಂದೂ ತಿಳಿಸಿತು. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಆಸ್ತಿ ನೋಡಿಕೊಳ್ಳಲೆಂದು ಬರೆದುಕೊಡುವ ಪ್ರಾಮಾಣಿಕ ಮುಖ್ತ್ಯಾರ ಪತ್ರಗಳಿಗೂ ಈ ತೀರ್ಪಿನಿಂದ ಬಾಧಕವಿಲ್ಲ.

ಇದಕ್ಕೆ ಬಹಳ ಮೊದಲೇ, 1992ರಲ್ಲಿ, ಕೇಂದ್ರ ಸರ್ಕಾರವು ಗುತ್ತಿಗೆಯನ್ನು ಪೂರ್ಣ ಒಡೆತನವಾಗಿ ಪರಿವರ್ತಿಸುವ ಯೋಜನೆಯನ್ನು ಜಾರಿಗೆ ತಂದಿತು. ಜನರ ಬಾಯಲ್ಲಿ ಅದು ‘ಫ್ರೀಹೋಲ್ಡ್’. ಬಡಾವಣೆ ಮತ್ತು ವಿಸ್ತೀರ್ಣಗಳಿಗೆ ಅನುಸಾರವಾಗಿ ಪರಿವರ್ತನಾ ಶುಲ್ಕ ನಿಗದಿಯಾಯಿತು. ಮುಖ್ತ್ಯಾರ ಪತ್ರದ ಮೇಲೆ ಕೊಂಡವರೂ ಶುಲ್ಕದ ಮೂರನೆಯ ಒಂದು ಭಾಗವನ್ನು ಅಧಿಕವಾಗಿ ಸಲ್ಲಿಸಿ ತಮ್ಮ ಹೆಸರಿಗೇ ಹಸ್ತಾಂತರ ಪತ್ರ ಪಡೆಯಲು ಅವಕಾಶ ಕಲ್ಪಿಸಲಾಯಿತು. ದೆಹಲಿಯ ಮಧ್ಯಮ ವರ್ಗಕ್ಕೆ ಇಷ್ಟು ಉಪಕಾರವಾದ ಯೋಜನೆಗಳು ವಿರಳ. ಹಾಗಿದ್ದೂ ‘ನಾಳೆ ನೋಡೋಣ’ ಎಂದು ಬಿಟ್ಟವರಿದ್ದಾರೆ. ಅರ್ಜಿಗೆ ಮುನ್ನ ನೆಲಬಾಡಿಗೆಯ ಬಾಕಿ ತೀರಿರಬೇಕು. ಮನೆ ಅಡವಿದ್ದರೆ ಸಾಲ ಕೊಟ್ಟ ಸಂಸ್ಥೆಯ ಒಪ್ಪಿಗೆ ಬೇಕು. ಹಸ್ತಾಂತರ ಪತ್ರ ದೊರೆತ ಮೇಲೆ ಮುದ್ರಾಂಕ ಶುಲ್ಕ ಸಲ್ಲಿಸಿ ನೋಂದಣಿ ಮಾಡಿಸಬೇಕು; ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ ಹಿಂದಿನದೆಲ್ಲ ವ್ಯರ್ಥ. ಶುಲ್ಕದ ದರಗಳು ಆಗಾಗ ಬದಲಾಗುವುದರಿಂದ ಅರ್ಜಿಯ ದಿನದ ದರವನ್ನು ಪ್ರಾಧಿಕಾರದಿಂದಲೇ ತಿಳಿಯುವುದು ಒಳಿತು, ದಲ್ಲಾಳಿಗಳಿಂದಲ್ಲ. ಫ್ರೀಹೋಲ್ಡ್ ಆದ ಮಾತ್ರಕ್ಕೆ ಮಾಳಿಗೆಯ ಮೇಲೆ ಮಾಳಿಗೆ ಏರಿಸಲು ಪರವಾನಗಿ ಸಿಕ್ಕಂತಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕಟ್ಟಡ ನಿಯಮ, ತೆರಿಗೆ, ಸಾಮಾನ್ಯ ಭಾಗಗಳ ಹೊಣೆ ಎಂದಿನಂತೆಯೇ ಉಳಿಯುತ್ತವೆ.

ಮುಂಬಯಿಯಲ್ಲಿ ಚಿತ್ರ ತುಸು ಭಿನ್ನ. 1976ರ ಕಾಯಿದೆಯನ್ವಯ ರಚನೆಯಾದ ಮಹಾರಾಷ್ಟ್ರ ಗೃಹನಿರ್ಮಾಣ ಪ್ರಾಧಿಕಾರದ, ಅಂದರೆ ‘ಮ್ಹಾಡಾ’ದ, ಕಾಲೊನಿಗಳಲ್ಲಿ ನೆಲದ ಗುತ್ತಿಗೆ ಇರುವುದು ಸಾಮಾನ್ಯವಾಗಿ ಒಬ್ಬೊಬ್ಬರ ಹೆಸರಿನಲ್ಲಲ್ಲ, ಸಹಕಾರ ಸಂಘದ ಹೆಸರಿನಲ್ಲಿ. ಕಟ್ಟಡ ಸಂಘಕ್ಕೆ ಮಾರಾಟ, ನೆಲ ಸಂಘಕ್ಕೆ ಗುತ್ತಿಗೆ. ಆದುದರಿಂದ ಅಲ್ಲಿನ ಸದಸ್ಯನ ಹಕ್ಕುಬಾಧ್ಯತೆಗಳು ಸಂಘದ ಉಪವಿಧಿಗಳ ಮೂಲಕವೇ ಹರಿದುಬರುತ್ತವೆ. ಸಂಘ ಗುತ್ತಿಗೆಯನ್ನು ನವೀಕರಿಸದೆ ಬಿಟ್ಟರೆ ನಷ್ಟ ಎಲ್ಲರಿಗೂ. ಕಟ್ಟಡ ಹಳೆಯದಾಗಿ ಪುನರ್ನಿರ್ಮಾಣದ ಮಾತು ಬಂದಾಗ ಬಿಲ್ಡರನ ಬಣ್ಣದ ಪತ್ರಿಕೆಗಿಂತ ಮೊದಲು ಸಂಘದ ಬಳಿ ಗುತ್ತಿಗೆ ಪತ್ರ ಮತ್ತು ಕಟ್ಟಡದ ಹಸ್ತಾಂತರ ಪತ್ರ ಇವೆಯೇ ಎಂದು ಮಹಾಸಭೆಯಲ್ಲಿ ಎದ್ದು ಕೇಳುವ ಹಕ್ಕು ಪ್ರತಿ ಸದಸ್ಯನಿಗಿದೆ. ಸಭೆಗೇ ಹೋಗದವರು ಈ ಹಕ್ಕನ್ನು ಕಳೆದುಕೊಳ್ಳುವುದು ಯಾರ ತಪ್ಪಿನಿಂದಲೂ ಅಲ್ಲ.

ಪ್ರಾಧಿಕಾರವೇ ತಪ್ಪಿದಾಗ ಏನು ಮಾಡಬೇಕು? 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮನೆ ಕಟ್ಟಿಕೊಡುವ ಶಾಸನಬದ್ಧ ಸಂಸ್ಥೆಗಳೂ ಗ್ರಾಹಕ ರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಒಳಪಡುತ್ತವೆ ಎಂದು ಎತ್ತಿಹಿಡಿಯಿತು. 2019ರ ಹೊಸ ಗ್ರಾಹಕ ಕಾಯಿದೆಯಲ್ಲಿಯೂ ಮನೆನಿರ್ಮಾಣ ‘ಸೇವೆ’ಯೇ. ದೂರನ್ನು ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳಲ್ಲಿ ಉತ್ತರ. ದೆಹಲಿಯ ಮುಖರ್ಜಿ ನಗರದ ಸಿಗ್ನೇಚರ್ ವ್ಯೂ ಸಮುಚ್ಚಯದ 336 ಮನೆಗಳ ಕಟ್ಟಡಗಳು ಕೆಲವೇ ವರ್ಷಗಳಲ್ಲಿ ಶಿಥಿಲಗೊಂಡಾಗ ನಿವಾಸಿಗಳು ಸುಮ್ಮನಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆ ಗೋಪುರಗಳನ್ನು ಕೆಡವುವ ನಿರ್ಧಾರವನ್ನು ಎತ್ತಿಹಿಡಿಯುವುದರೊಂದಿಗೆ, ಮರುನಿರ್ಮಾಣದ ಅವಧಿಯಲ್ಲಿ ಮನೆ ತೆರವು ಮಾಡಿದವರಿಗೆ ಪ್ರಾಧಿಕಾರ ಬಾಡಿಗೆ ಕೊಡಬೇಕೆಂದಿತು.

ಗುತ್ತಿಗೆ ರದ್ದಾದ ಬಳಿಕ ತೆರವಿನ ನೋಟೀಸು ಬಂದರೂ ಎದೆಗುಂದಬೇಕಾಗಿಲ್ಲ, ಅಲಕ್ಷ್ಯವೂ ಸಲ್ಲದು. ಪ್ರಾಧಿಕಾರದ ಆಸ್ತಿಗಳು 1971ರ ಸಾರ್ವಜನಿಕ ಸ್ಥಳಗಳ ತೆರವು ಕಾಯಿದೆಗೆ ಒಳಪಟ್ಟಿವೆ. ಕಾರಣ ಕೇಳುವ ನೋಟೀಸಿಗೆ ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು. ತೆರವಿನ ಆದೇಶವಾದರೆ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಲು ಇರುವುದು ಹನ್ನೆರಡೇ ದಿನ. ಊರಿಗೆ ಹೋಗಿದ್ದಾಗ ಬಾಗಿಲಿಗೆ ಅಂಟಿಸಿಹೋದ ನೋಟೀಸು ಹಬ್ಬ ಮುಗಿಸಿ ಮರಳುವ ಹೊತ್ತಿಗೆ ಹಳತಾಗಿರುತ್ತದೆ. ಹೊರಡುವ ಮುನ್ನ ನೆರೆಯವರಿಗೆ ದೂರವಾಣಿ ಸಂಖ್ಯೆ ಕೊಟ್ಟಿರುವುದು ಸಣ್ಣ ವಿಷಯವಲ್ಲ.

ಕೊನೆಯದಾಗಿ ವಾರಸುದಾರಿಕೆ. ಹಂಚಿಕೆದಾರರು ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ದೆಹಲಿಯಲ್ಲಿ ತಾಯಿಯೊಡನೆ ಇರುವ ಮಗನ ಹೆಸರಿಗೆ ಮನೆ ಆಗಬೇಕಾದರೆ ಹುಬ್ಬಳ್ಳಿಗೋ ಉಡುಪಿಗೋ ಮದುವೆಯಾಗಿ ಹೋದ ಅಕ್ಕತಂಗಿಯರೂ ಹಕ್ಕು ಖುಲಾಸೆ ಪತ್ರ ಬರೆದುಕೊಡಬೇಕು, ಅದು ನೋಂದಣಿಯಾಗಬೇಕು. ‘ಅವಳ ಮದುವೆಗೆ ಖರ್ಚು ಮಾಡಿಲ್ಲವೇ’ ಎಂಬ ಮಾತಿಗೆ ಪ್ರಾಧಿಕಾರದ ಕಡತದಲ್ಲಿ ಸ್ಥಾನವಿಲ್ಲ. ಅವರು ಒಪ್ಪದಿದ್ದರೆ ಅವರ ಹೆಸರೂ ಸೇರಿಯೇ ಖಾತೆಯಾಗುತ್ತದೆ. ಅದು ಅವರ ಹಕ್ಕು. ಒಪ್ಪಿದವರು ಪತ್ರಕ್ಕೆ ರುಜು ಹಾಕಲೆಂದೇ ದೆಹಲಿಗೆ ಪ್ರಯಾಣ ಮಾಡಬೇಕಾಗಿಲ್ಲ. ತಾವು ವಾಸಿಸುವ ಊರಿನ ಉಪನೋಂದಣಾಧಿಕಾರಿಗಳ ಮುಂದೆ ಮುಖ್ತ್ಯಾರ ಪತ್ರ ಬರೆದು ದೃಢೀಕರಿಸಿ ಕೊಟ್ಟರೆ, ಅದನ್ನು ಪಡೆದವರು ದೆಹಲಿಯ ನೋಂದಣಿ ಕಚೇರಿಯಲ್ಲಿ ಅವರ ಪರವಾಗಿ ಹಾಜರಾಗಬಹುದು.

ಭಾಷೆಯ ಮಾತನ್ನೂ ಮರೆಯಬಾರದು. ತಂದೆ ಕನ್ನಡದಲ್ಲಿ ಕೈಬರಹದಲ್ಲಿ ಬರೆದಿಟ್ಟ ಉಯಿಲು, ಇಬ್ಬರು ಸಾಕ್ಷಿಗಳ ರುಜುವಿದ್ದರೆ, ಕಾನೂನಿನ ದೃಷ್ಟಿಯಲ್ಲಿ ಇಂಗ್ಲಿಷಿನ ಉಯಿಲಿನಷ್ಟೇ ಸಿಂಧು. ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಆದರೆ ಆ ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಿದಾಗ, ಜೊತೆಯಲ್ಲಿ ಯಥಾರ್ಥ ಅನುವಾದ ಹಾಗೂ ನಕಲು ಇಲ್ಲದಿದ್ದರೆ ಅಧಿಕಾರಿ ಅದನ್ನು ಹಿಂದಿರುಗಿಸುತ್ತಾರೆ. ಮೂಲ ಪತ್ರ, ಅದರ ಇಂಗ್ಲಿಷ್ ಅಥವಾ ಹಿಂದಿ ಅನುವಾದ, ಎರಡರ ನಕಲುಗಳು, ನೆಲಬಾಡಿಗೆಯ ಕೊನೆಯ ರಸೀದಿ ಇಷ್ಟನ್ನು ಒಂದೇ ಲಕೋಟೆಯಲ್ಲಿಟ್ಟು, ಅದು ಯಾವ ಪೆಟ್ಟಿಗೆಯಲ್ಲಿದೆಯೆಂದು ಮನೆಯ ಇಬ್ಬರಿಗಾದರೂ ತಿಳಿಸಿಡಬೇಕು.